ಬೆಳ್ಳಿಗೆ ಒಂದು ಭಾನುವಾರ

ಮೂರು ವಾರಗಳ ಹಿಂದೆ ಒಂದು ಭಾನುವಾರ, ಮಧ್ಯಾಹ್ನ ಮೂರೂವರೆಗೆ, ನಾನು ಒಂದು ಹಗ್ಗದ ಸೇತುವೆಯ ಮೇಲೆ ನಿಂತಿದ್ದೆ. ಕೆಳಗೆ ಕಪ್ಪು ನೀರು. ಹಗ್ಗ ಒದ್ದೆ. ಕೈಯಲ್ಲಿ ಸಣ್ಣದೊಂದು ಚೂರಿ, ಎಡಗಾಲಿಗೆ ಆಗಲೇ ಗಾಯ. ಹಿಂದಿನಿಂದ ಒಬ್ಬ ಅರ್ಚಕರು ಕೊಡಲಿ ಎತ್ತಿಕೊಂಡು "ಓಡು ಮಾರಾಯ್ತಿ, ಹಿಂದೆ ನೋಡಬೇಡ" ಅನ್ನುತ್ತಿದ್ದರು.

ಗಾಬರಿಯಾಗಬೇಡಿ. ನಿಜದಲ್ಲಿ ನಾನು ಆಲ್ದೂರಿನ ಕಾಫಿ ವ್ಯಾಪಾರಿಯೊಬ್ಬರ ಅಂಗಡಿಯ ಮಹಡಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯೊಂದರ ಮೇಲೆ ಕೂತಿದ್ದೆ. ಅರ್ಚಕರ ಕೈಯಲ್ಲಿ ಇದ್ದದ್ದು ಅರ್ಧ ತಿಂದ ಕೋಡುಬಳೆ.

ಇಷ್ಟು ದಿನ ಈ ಅಂಕಣದಲ್ಲಿ ನಮ್ಮ ಹೋಂಸ್ಟೇ ಬಗ್ಗೆ ಬರೆದಿದ್ದೇನೆ. ಗಿರಿ ನೋಡಲು ಬಂದು ಎರಡು ದಿನ ರೂಮಿನಲ್ಲೇ ನಿದ್ದೆ ಮಾಡಿ ಹೋದವರ ಬಗ್ಗೆ ಬರೆದಿದ್ದೇನೆ. ನೆಟ್‌ವರ್ಕ್ ಹುಡುಕುತ್ತಾ ನಮ್ಮ ಕೋಳಿಗೂಡಿನ ಮೇಲೆ ಹತ್ತಿದ ಮಹಾನುಭಾವರ ಬಗ್ಗೆಯೂ ಬರೆದಿದ್ದೇನೆ. ಆದರೆ ಒಂದು ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದೆ. ನಾಚಿಕೆ, ಮತ್ತೇನಿಲ್ಲ. ನಲವತ್ತೇಳು ವರ್ಷದ ಹೆಂಗಸೊಬ್ಬಳು ತಿಂಗಳಿಗೆ ಎರಡು ಭಾನುವಾರ ಅತ್ತಿಗುಂಡಿಯಿಂದ ಗಿರಿ ಇಳಿದು, ಚಿಕ್ಕಮಗಳೂರು ದಾಟಿ, ಆಲ್ದೂರಿಗೆ ಹೋಗಿ ರಾಕ್ಷಸರ ಜೊತೆ ಹೊಡೆದಾಡುತ್ತಾಳೆ ಅಂತ ಹೇಗೆ ಹೇಳುವುದು?

ಅಲ್ಲ, ತಪ್ಪಾಯಿತು. ಹೊಡೆದಾಡುವವರು ಬೇರೆ. ನಾನು ಹೊಡೆದಾಡಿಸುವವಳು. ನನ್ನ ಇವತ್ತಿನ ಗೋಳೆಲ್ಲ ಈ ವ್ಯತ್ಯಾಸದ್ದೇ.

ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ. ಚಿಕ್ಕವರಿದ್ದಾಗ "ನಾನು ರಾಜ, ನೀನು ಕಳ್ಳ" ಅಂತ ಆಡಿದ್ದೀರಲ್ಲ? ಇದೂ ಅದೇ. ಒಂದು ಮೇಜಿನ ಸುತ್ತ ಕೂತು ಬಾಯಲ್ಲೇ ಆಡುವುದು. ಪ್ರತಿಯೊಬ್ಬರಿಗೂ ಒಂದೊಂದು ಪಾತ್ರ. ಒಬ್ಬರು ಮಾತ್ರ ಪಾತ್ರ ಇಲ್ಲದೆ ಕೂತು, ಕಾಡು, ಊರು, ಶತ್ರು, ಗಾಳಿ, ಬೆಳಕು ಎಲ್ಲವೂ ಆಗಬೇಕು. ಅವರಿಗೆ ಜಿಎಂ ಅನ್ನುತ್ತಾರೆ, ಗೇಮ್ ಮಾಸ್ಟರ್. "ಮುಂದೆ ಗುಹೆ ಇದೆ, ಏನು ಮಾಡ್ತೀರಿ?" ಅಂತ ಜಿಎಂ ಕೇಳುತ್ತಾರೆ. "ಒಳಗೆ ಹೋಗ್ತೀನಿ" ಅಂತ ನೀವು ಹೇಳುತ್ತೀರಿ. ಹೋಗಲು ಆಗುತ್ತದೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳವೊಂದು ತೀರ್ಮಾನಿಸುತ್ತದೆ. ಇಷ್ಟೇ.

ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಇದಕ್ಕೆ ನಾನೂರ ಹನ್ನೆರಡು ಪುಟದ ರೂಲ್‌ಬುಕ್ ಇದೆ.

ಆ ಬುಕ್ ನನ್ನ ಕೈಗೆ ಬಂದದ್ದೂ ಒಂದು ಕಥೆ. ಏಳು ವರ್ಷದ ಹಿಂದೆ ಆರು ಜನ ಗೆಸ್ಟುಗಳು ಬಂದಿದ್ದರು. ಮೂರು ದಿನ ಜಗಲಿ ಬಿಟ್ಟು ಏಳಲಿಲ್ಲ. ಕಾಫಿ ಕೊಡಲು ಹೋದಾಗಲೆಲ್ಲ ಯಾರಾದರೊಬ್ಬರು ಸಾಯುತ್ತಿದ್ದರು, ಇಲ್ಲವೇ ಬದುಕಿ ಬರುತ್ತಿದ್ದರು. ಮೂರನೇ ದಿನ ನಾನು ಕಾಫಿ ಟ್ರೇ ಹಿಡಿದುಕೊಂಡೇ ಅರ್ಧ ಗಂಟೆ ನಿಂತೆ. ಅವರು ಹೋದ ಮೇಲೆ ಮಂಚದ ಕೆಳಗೆ ಆ ಬುಕ್ ಸಿಕ್ಕಿತು. ಫೋನ್ ಮಾಡಿದೆ. "ಇಟ್ಕೊಳ್ಳಿ ಆಂಟಿ, ನಮ್ಮ ಹತ್ರ ಇನ್ನೊಂದಿದೆ" ಅಂದರು. ಇಟ್ಟುಕೊಂಡೆ. ಕೆಲವರು ನಾಯಿಮರಿ ಇಟ್ಟುಕೊಳ್ಳುತ್ತಾರೆ, ನಾನು ಇದನ್ನು.

ಆ ಬುಕ್ಕಿನಲ್ಲಿ ಎಲ್ಲದಕ್ಕೂ ರೂಲ್ ಇದೆ. ಮರದಿಂದ ಬಿದ್ದರೆ ಎಷ್ಟು ಅಡಿಗೆ ಎಷ್ಟು ಪೆಟ್ಟು. ಪಂಜು ಎಷ್ಟು ಹೊತ್ತು ಉರಿಯುತ್ತದೆ. ಚೀಲದಲ್ಲಿ ಎಷ್ಟು ತೂಕ ಹೊತ್ತರೆ ನಡಿಗೆ ಎಷ್ಟು ನಿಧಾನ. ಬಿಲ್ಲಿನ ದಾರ ನೆನೆದರೆ ಬಾಣ ಎಷ್ಟು ದೂರ. ಕೈಗೆ ಬಿದ್ದ ಪೆಟ್ಟಿಗೆ ಒಂದು ಕೋಷ್ಟಕ, ಕಾಲಿಗೆ ಇನ್ನೊಂದು, ತಲೆಗೆ ಎರಡು. ಕುದುರೆಯ ಸುಸ್ತಿಗೂ ಒಂದು ಇದೆ ಸ್ವಾಮಿ. ನಮ್ಮಲ್ಲಿ ಒಬ್ಬರಿಗೂ ಕುದುರೆ ಇಲ್ಲ, ಆದರೂ ನಾನು ಅದನ್ನು ಓದಿಕೊಂಡಿದ್ದೇನೆ. ಯಾವತ್ತಾದರೂ ಯಾರಾದರೂ ಒಂದು ಕುದುರೆ ಕದ್ದರೆ?

ಒಂದು ಗಂಟೆ ಆಟಕ್ಕೆ ನಾಲ್ಕು ಗಂಟೆ ತಯಾರಿ. ಇದು ನನ್ನ ಲೆಕ್ಕ. ಬೆಳಿಗ್ಗೆ ಗೆಸ್ಟುಗಳ ತಿಂಡಿ ಮುಗಿದು ಮಧ್ಯಾಹ್ನದ ಅಡಿಗೆ ಶುರುವಾಗುವ ನಡುವೆ ಸಿಗುವ ಒಂದೂವರೆ ತಾಸು ನನ್ನದು. ಆಗ ಹಳೇ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ನಕ್ಷೆ ಬರೆಯುತ್ತೇನೆ. ಒಬ್ಬ ಶತ್ರುವಿಗೆ ಹದಿನಾಲ್ಕು ಅಂಕಿ ಹೊಂದಿಸಬೇಕು. ಕೋಟೆಗೆ ಮೂರು ದಾರಿ ಇಟ್ಟು, ಮೂರರಲ್ಲೂ ಕಾವಲುಗಾರರನ್ನು ನಿಲ್ಲಿಸಿ, ಅವರಿಗೆ ಹೆಸರು, ಜಗಳ, ಹೆಂಡತಿ ಊರು ಎಲ್ಲ ಕೊಟ್ಟಿರುತ್ತೇನೆ. ಇವರು ಭಾನುವಾರ ಬಂದು ಕೋಟೆಗೇ ಹೋಗುವುದಿಲ್ಲ. "ಆ ಕಡೆ ಸಂತೆ ಇದೆ ಅಂದ್ರಲ್ಲ ಅಕ್ಕ, ಅದನ್ನ ನೋಡ್ಕಂಡು ಬರನ" ಅನ್ನುತ್ತಾರೆ. ನಾನು ಸಂತೆಯನ್ನು ಅಲ್ಲೇ, ಕೂತಲ್ಲೇ ಕಟ್ಟಬೇಕು.

ಬುಕ್ ಇಂಗ್ಲಿಷಿನಲ್ಲಿರುವುದರಿಂದ ಎಲ್ಲರಿಗೂ ಅನುಕೂಲವಾಗಲಿ ಅಂತ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಇನ್ನೂರು ಪುಟದ ಏಳು ನೋಟ್‌ಬುಕ್ ಆಗಿದೆ. ಯಾರೂ ಓದಿಲ್ಲ. ಯಾಕೆ ಓದಬೇಕು? ಅಕ್ಕ ಇದ್ದಾಳಲ್ಲ.

ಈ "ಇವರು" ಯಾರು ಅಂತ ಹೇಳಬೇಕು. ಮೂರೇ ಜನ.

ಸುಧಾಕರ ಆಲ್ದೂರಿನ ಹತ್ತಿರದ ಎಸ್ಟೇಟೊಂದರಲ್ಲಿ ರೈಟರ್. (ಹೊರಗಿನವರಿಗೆ ಹೇಳುತ್ತೇನೆ, ಎಸ್ಟೇಟಿನಲ್ಲಿ ರೈಟರ್ ಅಂದರೆ ಕಥೆ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು.) ಅಂಗಡಿಯ ಮಹಡಿ ಹುಡುಕಿಕೊಟ್ಟವನೂ ಅವನೇ. ವಾರಪೂರ್ತಿ ಬೆಳಿಗ್ಗೆ ಏಳೂವರೆಗೆ ನಿಂತು ಬಂದವರು ಯಾರು, ತಡ ಯಾರು ಅಂತ ಬರೆಯುವ ಈ ಮನುಷ್ಯ ನಮ್ಮ ಆಟದಲ್ಲಿ ಕಳ್ಳ. ಯಾರ ಮಾತೂ ಕೇಳುವುದಿಲ್ಲ.

ರೇಷ್ಮಾ ಮೂಡಿಗೆರೆ ಕಡೆಯ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಮೊದಲ ದಿನ ನಾನು ಆಸೆಯಿಂದ "ನೀನು ವೈದ್ಯಳ ಪಾತ್ರ ತಗೋ, ಗುಂಪಿಗೆ ಒಬ್ಬರು ಬೇಕು" ಅಂದೆ. ಅವಳು ನನ್ನ ಮುಖ ನೋಡಿ, "ಅಕ್ಕ, ದಿನಾ ಡ್ರೆಸಿಂಗ್ ಮಾಡಿ ಸಾಕಾಗಿದೆ. ಇಲ್ಲಿ ಗಾಯ ಮಾಡದು ನಾನು" ಅಂದಳು. ಬಿಲ್ಲು ಹಿಡಿದಳು. ಇವತ್ತಿಗೂ ಇಳಿಸಿಲ್ಲ.

ಮೂರನೆಯವರು ಅನಂತ ಭಟ್ಟರು. ಕಳಸದ ಹತ್ತಿರ ಸಣ್ಣ ದೇವಸ್ಥಾನದ ಅರ್ಚಕರು, ಅರವತ್ತೊಂದು ವರ್ಷ. ಬೆಳಗಿನ ಪೂಜೆ ಮುಗಿಸಿ, ಎರಡು ಬಸ್ ಹಿಡಿದು ಬರುತ್ತಾರೆ. ಬದುಕಿನಲ್ಲಿ ಒಂದು ಜಿರಳೆ ಹೊಡೆದವರಲ್ಲ. ಅವರ ಪಾತ್ರದ ಹೆಸರು ಕೊಡಲಿ ಭೈರ.

ನಾಲ್ಕು ದಿಕ್ಕಿನವರು ಆಲ್ದೂರಿನಲ್ಲೇ ಯಾಕೆ ಸೇರುತ್ತೇವೆ ಅಂದರೆ ಅದು ಸುಧಾಕರ ಒಬ್ಬನನ್ನು ಬಿಟ್ಟು ಎಲ್ಲರಿಗೂ ಸಮಾನ ತೊಂದರೆ. ಯಾರೂ ಜಗಳ ಮಾಡುವ ಹಾಗಿಲ್ಲ. ಭಾನುವಾರ ಅಂಗಡಿ ರಜ. ಮಹಡಿಯ ಒಂದು ಕಡೆ ಪಾರ್ಚ್‌ಮೆಂಟ್ ಕಾಫಿಯ, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜದ ಮೂಟೆಗಳು, ಇನ್ನೊಂದು ಕಡೆ ನಾವು. ನಕ್ಷೆಯ ಮೇಲೆ ಆಟಗಾರರ ಗುರುತಿಗೆ ಅರೇಬಿಕಾ ಬೀಜ, ಶತ್ರುಗಳಿಗೆ ರೋಬಸ್ಟಾ. ದೊಡ್ಡ ರಾಕ್ಷಸನಿಗೆ ಪೀಬರಿ, ಅಂದರೆ ಕಾಯೊಳಗೆ ಎರಡರ ಬದಲು ಒಂಟಿಯಾಗಿ ಗುಂಡಗೆ ಬೆಳೆದ ಬೀಜ. ಪೀಬರಿ ಮೇಜಿನ ಮೇಲೆ ಬಂದರೆ ಭಟ್ಟರು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ನೋಡಿ, ಮೂವರಿಗೂ ತಮ್ಮ ಬದುಕಿನಲ್ಲಿ ಇಲ್ಲದ್ದು ಇಲ್ಲಿ ಸಿಕ್ಕಿದೆ. ಹಾಜರಿ ಬರೆಯುವವನಿಗೆ ಕಳ್ಳತನ, ಗಾಯ ಕಟ್ಟುವವಳಿಗೆ ಬಾಣ, ಭಟ್ಟರಿಗೆ ಕೊಡಲಿ. ನನಗೆ? ಮನೆಯಲ್ಲಿ ಏನು ಮಾಡುತ್ತೇನೋ ಅದನ್ನೇ ಇಲ್ಲೂ ಮಾಡುತ್ತೇನೆ. ಬಂದವರಿಗೆ ಖುಷಿಯಾಯಿತಾ, ಬೇಜಾರಾಯಿತಾ, ಇನ್ನು ಸ್ವಲ್ಪ ಏನಾದರೂ ಬೇಕಾ? ವಾರಪೂರ್ತಿ ಗೆಸ್ಟುಗಳು, ಭಾನುವಾರ ಇವರು.

ಬೇಡ ಅಂತಲ್ಲ. ನನಗೆ ಇಷ್ಟ. ಭಟ್ಟರು ಒಂದೇ ಏಟಿಗೆ ಪೀಬರಿಯನ್ನು ಉರುಳಿಸಿ, ಆಮೇಲೆ ಪಾಪ ಅನ್ನಿಸಿ "ಛೆ" ಅಂದದ್ದನ್ನು ನೋಡಲು ನಾಲ್ಕು ಗಂಟೆಯಲ್ಲ, ನಲವತ್ತು ಗಂಟೆ ತಯಾರಿ ಮಾಡಬಹುದು. ಆದರೆ ಏಳು ವರ್ಷ ಒಂದೇ ಒಂದು ಆಸೆ ಒಳಗೇ ಇತ್ತು. ಒಂದು ದಿನ, ಒಂದೇ ಒಂದು ದಿನ, ನಾನೂ ಆ ಕಡೆ ಕೂರಬೇಕು. ಬಾಗಿಲ ಹಿಂದೆ ಏನಿದೆ ಅಂತ ಗೊತ್ತಿಲ್ಲದೆ ಬಾಗಿಲು ತೆಗೆಯಬೇಕು. ಎಲ್ಲ ಬಾಗಿಲುಗಳ ಹಿಂದೆ ಏನಿದೆ ಅಂತ ಗೊತ್ತಿರುವುದು ಎಷ್ಟು ಬೇಸರದ ಕೆಲಸ ಅಂತ ಅದನ್ನು ಮಾಡಿದವರಿಗೇ ಗೊತ್ತು.

ಈ ಆಸೆಗೆ ಒಂದು ಹೆಸರೂ ಇತ್ತು. ಬೆಳ್ಳಿ.

ಬುಕ್ ಸಿಕ್ಕ ವಾರವೇ ನಾನು ಮಾಡಿಕೊಂಡ ಪಾತ್ರ ಅವಳು. ಮೊದಲ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿದ್ದಾಳೆ. ಕುಳ್ಳಿ. ಒಂದು ಕಿವಿಯ ತುದಿ ಹರಿದಿದೆ. ಮರ ಹತ್ತುತ್ತಾಳೆ, ಶಿಳ್ಳೆ ಹೊಡೆಯುತ್ತಾಳೆ, ಯಾರ ಮನೆಗೂ ಸೇರಿದವಳಲ್ಲ. ಅವಳಿಗೆ ಅಡಿಗೆ ಬರುವುದಿಲ್ಲ (ಬೇಕೆಂದೇ ಸೊನ್ನೆ ಹಾಕಿದ್ದೆ). ಉಳಿದವರ ಪಾತ್ರದ ವಿವರ ಬರೆದ ಶೀಟುಗಳು ರಬ್ಬರಿನಲ್ಲಿ ಉಜ್ಜಿ ಉಜ್ಜಿ ತೂತಾಗಿವೆ. ಗಾಯ, ವಾಸಿ, ಮತ್ತೆ ಗಾಯ. ಬೆಳ್ಳಿಯ ಪುಟ ಬರೆದ ದಿನ ಹೇಗಿತ್ತೋ ಹಾಗೇ ಇತ್ತು. ಏಳು ವರ್ಷದಲ್ಲಿ ಅವಳಿಗೆ ಒಂದು ಗೀರೂ ಆಗಿರಲಿಲ್ಲ.

ಈ ವರ್ಷ ಕಾಫಿ ಹಣ್ಣು ಕೊಯ್ಲು ಮುಗಿದ ಮೇಲೆ ಮೊದಲ ಸಲ ಸೇರಿದ್ದೆವು. ಕೊಯ್ಲಿನ ಕಾಲದಲ್ಲಿ ಸುಧಾಕರನಿಗೆ ಭಾನುವಾರವೂ ಇಲ್ಲ, ಸೋಮವಾರವೂ ಇಲ್ಲ. ಹಾಗಾಗಿ ಎರಡು ತಿಂಗಳು ಆಟ ಬಂದ್ ಆಗಿತ್ತು. ಅವತ್ತು ಏನೋ ರೂಲ್ ಹುಡುಕಲು ಭಟ್ಟರ ಕೈಗೆ ಆ ಹಳೇ ನೋಟ್‌ಬುಕ್ ಕೊಟ್ಟೆ. ಅವರು ಹಿಂದಿನಿಂದ ತೆಗೆದರು.

"ಇದು ಯಾರು, ಬೆಳ್ಳಿ?"

"ಎಂತದೂ ಇಲ್ಲ ಭಟ್ರೇ. ಸುಮ್ಮನೆ."

"ಸುಮ್ಮನೆ ಅಂದ್ರೆ?"

"ನಾನು," ಅಂದೆ. ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಅನ್ನಿಸಿತು. ಭಟ್ಟರು ಮೇಲಿನ ಮೂಲೆಯಲ್ಲಿದ್ದ ತಾರೀಕು ನೋಡಿದರು. ಆಮೇಲೆ ಆ ಪುಟವನ್ನು ಬೆರಳಲ್ಲಿ ಮುಟ್ಟಿ ನೋಡಿದರು. ರೇಷ್ಮಾ ಕಡೆಗೆ ದಾಟಿಸಿದರು. ರೇಷ್ಮಾ ಸುಧಾಕರನಿಗೆ ಕೊಟ್ಟಳು.

ಸುಧಾಕರ ಪೂರ್ತಿ ಓದಿದ. "ಮುಂದಿನ ಸಲ ನಾನು ನಡೆಸ್ತೀನಿ ಅಕ್ಕ. ನೀವು ಆಡಿ," ಅಂದ.

ನಾನು ನಕ್ಕೆ. ಒಂದೂ ರೂಲ್ ಓದದ ಮನುಷ್ಯ! ಆದರೂ ಬೆಳ್ಳಿಯ ಪುಟ ಬಿಡಿಸಿಕೊಂಡು, ರೂಲ್‌ಬುಕ್ಕನ್ನೂ ಏಳು ನೋಟ್‌ಬುಕ್ಕನ್ನೂ ಅವನ ಕೈಗೇ ಕೊಟ್ಟೆ. ಗಿರಿ ಹತ್ತುವಾಗ ದಾರಿಯುದ್ದಕ್ಕೂ ಬೆಳ್ಳಿಗೆ ಚೂರಿ ಕೊಡಬೇಕಾ, ಕವಣೆ ಕೊಡಬೇಕಾ ಅಂತ ಯೋಚಿಸುತ್ತಿದ್ದೆ. ಮನೆ ಬಂದದ್ದೇ ಗೊತ್ತಾಗಲಿಲ್ಲ.

ಮಂಗಳವಾರ ಮೊದಲ ಫೋನ್ ಬಂತು.

"ಅಕ್ಕ, ಒಂದು ಡೌಟು. ಒದ್ದೆ ಹಗ್ಗ ಎಷ್ಟು ಜನರ ಭಾರ ತಡೆಯುತ್ತೆ?"

ಒದ್ದೆ ಹಗ್ಗ. ಭಾರ. ಜನ. ಅಂದರೆ ಸೇತುವೆ. ಅದು ಮುರಿಯುತ್ತದೆ. "ಪುಟ ಇನ್ನೂರ ಹದಿಮೂರು ನೋಡು," ಅಂದೆ, ಆದಷ್ಟು ಕಡಿಮೆ ಕೇಳಿಸಿಕೊಳ್ಳುವ ಆಸೆಯಿಂದ.

"ನೋಡಿದೆ ಅಕ್ಕ. ಒಂದು ಪುಟ ಪೂರ್ತಿ ಅದೇ ಇದೆ, ತಲೆಬುಡ ಗೊತ್ತಾಗ್ತಿಲ್ಲ. ನೀವೇ ಹೇಳ್ಬಿಡಿ."

"ನಿನಗೆ ಕನ್ನಡದಲ್ಲಿ ಬರೆದಿದ್ದೇ ಕೊಟ್ಟಿದೀನಲ್ಲ ಮಾರಾಯ."

"ಅದು ಏಳು ಬುಕ್ ಇದೆ ಅಕ್ಕ."

ಹೇಳಿದೆ. ಇನ್ನೇನು ಮಾಡುವುದು?

ಗುರುವಾರ: "ಕಣ್ಣು ಕಾಣದ ಪ್ರಾಣಿಗೆ ಕತ್ತಲಲ್ಲಿ ಮೈನಸ್ ಬೀಳುತ್ತಾ?" ಸರಿ, ಕುರುಡು ಪ್ರಾಣಿ, ಕತ್ತಲ ಗುಹೆ. ಶುಕ್ರವಾರ: "ನೀರಿಗೆ ಬಿದ್ದವರು ಎಷ್ಟು ಸುತ್ತು ಉಸಿರು ಹಿಡೀಬಹುದು?" ಮರುದಿನ: "ಹಳೇ ಬಾಗಿಲು ಒದ್ದು ಒಡೆಯಕ್ಕೆ ದಾಳ ಎಷ್ಟು ಬೀಳಬೇಕು?" ಅದಾದ ಮೇಲೆ: "ಬಾಗಿಲ ಪಕ್ಕದಲ್ಲಿ ಅಡಗಿ ಕೂತು ಹಿಂದಿನಿಂದ ಹಾರಿದ್ರೆ?" ಗೆಸ್ಟುಗಳಿಗೆ ದೋಸೆ ಹಾಕುತ್ತಾ, ಹಾಸಿಗೆ ಮಡಿಸುತ್ತಾ, ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ನಾನು ಉತ್ತರ ಹೇಳಿದೆ. ಪ್ರತಿ ಉತ್ತರಕ್ಕೂ ನನ್ನ ಭಾನುವಾರದ ಒಂದೊಂದು ತುಂಡು ಉದುರುತ್ತಿತ್ತು.

ಅಷ್ಟೇ ಆಗಿದ್ದರೆ ಅವನದು ತಪ್ಪು ಅನ್ನಬಹುದಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ? "ಆ ಪ್ರಾಣಿಗೆ ಶಕ್ತಿ ಮೂರು ಕಮ್ಮಿ ಮಾಡು, ಇಲ್ಲದಿದ್ರೆ ಭಟ್ರು ಮೊದಲ ಸುತ್ತಿಗೇ ಹೋಗ್ತಾರೆ" ಅಂದೆ. "ಸೇತುವೆ ಒಂದೇ ಸಲ ಮುರೀಬಾರದು, ಒಂದೊಂದೇ ಹಲಗೆ ಹೋಗಲಿ" ಅಂದೆ. "ಅಕ್ಕ, ನಾನು ಸೇತುವೆ ಅಂತ ಹೇಳೇ ಇಲ್ವಲ್ಲ" ಅಂದ ಅವನು.

ತನ್ನ ಹುಟ್ಟುಹಬ್ಬದ ಕೇಕನ್ನು ತಾನೇ ಆರ್ಡರ್ ಕೊಟ್ಟು, ತಾನೇ ಹೋಗಿ ತಂದು, ಮೋಂಬತ್ತಿ ಹಚ್ಚಿದಾಗ "ಅಯ್ಯೋ ಗೊತ್ತೇ ಇರಲಿಲ್ಲ" ಅನ್ನುವವರನ್ನು ನೋಡಿದ್ದೀರಾ? ನಾನು ಆ ಜಾತಿ. ನಿಮ್ಮಲ್ಲೂ ಇದ್ದಾರೆ, ನನಗೆ ಗೊತ್ತು. ಟೂರ್ ಹೋದಾಗ ಬಸ್ಸಿನಲ್ಲಿ ತಲೆ ಎಣಿಸುವವರು. ಮದುವೆ ಮನೆಯಲ್ಲಿ ಸ್ಟೋರ್ ರೂಮಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಧಾರೆಯ ಹೊತ್ತಿಗೆ ಉಗ್ರಾಣದಲ್ಲಿ ಸಕ್ಕರೆ ತೆಗೆದುಕೊಡುತ್ತಿರುವ ಚಿಕ್ಕಮ್ಮ. ಗ್ರೂಪ್ ಫೋಟೋದಲ್ಲಿ ಎಂದೂ ಇಲ್ಲದ ಫೋಟೋ ತೆಗೆಯುವವರು. ಇವರಿಗೆ ಯಾರೂ ಅನ್ಯಾಯ ಮಾಡಿಲ್ಲ. ಇವರೇ ಮುಂದೆ ಬಿದ್ದು ವಹಿಸಿಕೊಂಡದ್ದು. ಚೆನ್ನಾಗಿ ಮಾಡುತ್ತಾರೆ ಅಂತ ಇವರ ಕೈಯಲ್ಲೇ ಉಳಿಯಿತು. ಹತ್ತು ವರ್ಷ ಕಳೆದ ಮೇಲೆ ಇವರಿಗೂ ಒಂದು ಆಸೆ ಇದ್ದೀತು ಅನ್ನುವುದು ಯಾರಿಗೂ ಹೊಳೆಯುವುದಿಲ್ಲ. ಇವರಿಗೇ ಹೊಳೆಯುವುದಿಲ್ಲ ಎಷ್ಟೋ ಸಲ.

ಇರಲಿ. ಆ ಭಾನುವಾರ ಬಂತು. ಬೆಳಿಗ್ಗೆ ಹನ್ನೊಂದಕ್ಕೆ ಗೆಸ್ಟುಗಳು ರೂಮ್ ಖಾಲಿ ಮಾಡಿದರು. ಮನೆಯವರಿಗೆ "ಸಂಜೆವರೆಗೆ ಯಾರೂ ಬರಲ್ಲ, ಆರಾಮಾಗಿರಿ" ಅಂತ ಹೇಳಿ ಹೊರಟೆ. ಏಳು ವರ್ಷದಲ್ಲಿ ಮೊದಲ ಸಲ ನನ್ನ ಚೀಲದಲ್ಲಿ ರೂಲ್‌ಬುಕ್ ಇರಲಿಲ್ಲ. ಒಂದು ಪೆನ್ಸಿಲ್, ಒಂದು ರಬ್ಬರ್, ಬೆಳ್ಳಿ.

ಸುಧಾಕರ ನನ್ನ ಕುರ್ಚಿಯಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಶರ್ಟು. ಎದುರಿಗೆ ಉದ್ದುದ್ದ ಹಾಳೆಗಳು. ಇಣುಕಿದೆ. ಎಸ್ಟೇಟಿನ ಹಳೇ ಮಸ್ಟರ್ ಹಾಳೆಗಳ ಮೇಲೆ, ಆಳುಗಳ ಹೆಸರಿನ ಜಾಗದಲ್ಲಿ ರಾಕ್ಷಸರ ಹೆಸರು ಬರೆದಿದ್ದ! ಜೇಡ ಒಂದು, ಜೇಡ ಎರಡು, ಕುರುಡು ಪ್ರಾಣಿ. ಪಕ್ಕದಲ್ಲಿ ದಿನಗಳ ಬದಲು ಸುತ್ತುಗಳು. ಬದುಕಿದ್ದವರಿಗೆ ಹಾಜರ್, ಸತ್ತವರಿಗೆ ಗೈರು. ಪೆಟ್ಟು ತಿಂದು ಇನ್ನೂ ಓಡಾಡುತ್ತಿದ್ದ ಜೇಡ ಎರಡಕ್ಕೆ ಅರ್ಧ ದಿನ ಹಾಕಿದ್ದನ್ನು ಆಮೇಲೆ ನಾನೇ ನೋಡಿದೆ.

ಆಟ ಶುರುವಾಯಿತು. ನನಗೆ ಎಲ್ಲವೂ ಗೊತ್ತಿತ್ತು. ಆದರೂ ಗೊತ್ತಿಲ್ಲದವಳ ಹಾಗೆ ಕೂತಿದ್ದೆ. ಜೇಡ ಬಿದ್ದಾಗ "ಅಮ್ಮಾ" ಅಂದೆ. ಗುಹೆ ಕಂಡಾಗ "ಇದೇನಿದು" ಅಂದೆ. ಹೋಂಸ್ಟೇ ನಡೆಸುವವರಿಗೆ ಮುಖ ಕಾಯ್ದುಕೊಳ್ಳುವುದು ಕಷ್ಟವಲ್ಲ. ಕಷ್ಟವಾದದ್ದು ಬೇರೆ. ಏನೇ ಆದರೂ ಮೂವರೂ ಒಟ್ಟಿಗೆ ನನ್ನ ಕಡೆ ತಿರುಗುತ್ತಿದ್ದರು. "ಅಕ್ಕ, ಇದಕ್ಕೆ ಎಷ್ಟು ಕಳೀಬೇಕು?" ಅಂತ ರೇಷ್ಮಾ. "ಎರಡು ಕೈಯಲ್ಲಿ ಹಿಡಿದರೆ ಕೂಡಿಸದು ಹೌದಲ್ಲ?" ಅಂತ ಭಟ್ಟರು. ಕೊನೆಗೆ ಸುಧಾಕರನೇ, "ಅಕ್ಕ, ಈಗ ಯಾರ ಸರದಿ?" ನಾನು ಹೇಳುತ್ತಾ ಹೋದೆ. ಕುರ್ಚಿ ಬದಲಾಗಿತ್ತು, ಅಷ್ಟೇ.

ಒಂದು ಸಂತೋಷ ಮಾತ್ರ ಆಯಿತು, ಅದನ್ನು ಹೇಳಲೇಬೇಕು. ಗುಹೆಯ ಬಾಯಲ್ಲಿ ಕುರುಡು ಪ್ರಾಣಿ ಬೆಳ್ಳಿಯ ಎಡಗಾಲಿಗೆ ಬಾಯಿ ಹಾಕಿತು. ಜೀವದ ನಾಲ್ಕು ಪಾಯಿಂಟ್ ಹೋಯಿತು. ಭಟ್ಟರು ತಮ್ಮ ರಬ್ಬರನ್ನು ಎರಡೂ ಕೈಯಲ್ಲಿ ಹಿಡಿದು, ತೀರ್ಥ ಕೊಡುವಷ್ಟು ಜಾಗ್ರತೆಯಿಂದ ನನಗೆ ಕೊಟ್ಟರು. ನಾನು ಇಪ್ಪತ್ತೆರಡನ್ನು ಅಳಿಸಿ ಹದಿನೆಂಟು ಬರೆದೆ. ಏಳು ವರ್ಷದ ಹಳೇ ಸೀಸದ ಗುರುತು ಪೂರ್ತಿ ಹೋಗಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಇನ್ನೊಂದು ಸಲ ಕಚ್ಚಲಿ ಅನ್ನಿಸಿತು.

ಆಮೇಲೆ ಸೇತುವೆ. ನಾನು ಹೇಳಿಕೊಟ್ಟ ಹಾಗೇ ಒಂದೊಂದೇ ಹಲಗೆ ಉದುರಿತು. ಭಟ್ಟರು ಓಡು ಅಂದರು, ಬೆಳ್ಳಿ ಓಡಿದಳು. ಅವಳು ಆ ದಡ ಮುಟ್ಟುವಾಗ ಹಗ್ಗ ಹರಿಯಿತು. ಭಟ್ಟರು, ರೇಷ್ಮಾ ಈ ಕಡೆ ಉಳಿದರು. ಬೆಳ್ಳಿ ಒಬ್ಬಳೇ.

ಎದುರಿಗೆ ಬಾಗಿಲು.

ಈ ಬಾಗಿಲೂ ನನಗೆ ಗೊತ್ತಿದ್ದದ್ದೇ. ಒದ್ದರೆ ಹದಿನಾಲ್ಕು ಬೀಳಬೇಕು. ಒಳಗೆ ಪಕ್ಕದಲ್ಲಿ ಏನೋ ಅಡಗಿ ಕೂತಿದೆ, ಹಿಂದಿನಿಂದ ಹಾರುತ್ತದೆ. ಅದಕ್ಕೆ ಏನು ಮಾಡಬೇಕು ಅನ್ನುವುದನ್ನೂ ಲೆಕ್ಕ ಹಾಕಿ ಇಟ್ಟಿದ್ದೆ. "ಒದೀತೀನಿ" ಅಂದೆ, ದಾಳ ಎತ್ತಿಕೊಂಡೆ.

"ಒದೆಯದು ಬೇಡ ಅಕ್ಕ," ಅಂದ ಸುಧಾಕರ. "ಬಾಗಿಲು ತೆರೆದೇ ಇದೆ."

ಅವನು ಮಸ್ಟರ್ ಹಾಳೆಗಳನ್ನೆಲ್ಲ ಮಡಚಿ ಪಕ್ಕಕ್ಕಿಟ್ಟ. ದನಿ ಸಣ್ಣದಾಯಿತು. ಆಳುಗಳ ಹೆಸರು ಕೂಗುವ ಅವನ ಗಂಟಲಲ್ಲಿ ಅಂಥ ದನಿಯೂ ಇದೆ ಅಂತ ನನಗೆ ಗೊತ್ತಿರಲಿಲ್ಲ.

"ಒಳಗೆ ಒಲೆ ಉರೀತಿದೆ. ಒಬ್ಬರು ಅಜ್ಜಿ ಒಲೆ ಮುಂದೆ ಕೂತಿದಾರೆ. ನಿಮ್ಮ ಕಾಲಿನ ಸಪ್ಪಳ ಕೇಳಿ ತಿರುಗಿ ನೋಡ್ತಾರೆ. ಹೆದರಲ್ಲ. 'ಬಂದ್ಯಾ ಮಗಾ? ತಡ ಆಯ್ತಲ್ಲ' ಅಂತಾರೆ. 'ಎಲೆ ಹಾಕಿದೀನಿ. ಕೈಕಾಲು ತೊಳ್ಕಂಡು ಬಾ, ಬಡಿಸ್ತೀನಿ.'"

ನನ್ನ ಕೈಯಲ್ಲಿ ದಾಳ ಹಾಗೇ ಇತ್ತು.

"ವಿಷ ಇದೆಯಾ ಅಂತ ನೋಡಕ್ಕೆ ಹಾಕ್ಲಾ?" ಅಂದೆ.

"ಬೇಡ ಅಕ್ಕ. ಬರೀ ಅನ್ನ. ತಿಳಿಸಾರು. ಹಲಸಿನ ಹಪ್ಪಳ ಒಂದು ಸುಟ್ಟಿಟ್ಟಿದಾರೆ."

"ಇದು ಯಾವ ಪುಟದಲ್ಲಿದೆ?"

"ಇದಕ್ಕೆ ಪುಟ ಇಲ್ಲ," ಅಂದ ಸುಧಾಕರ. "ನಾನೂ ಹುಡುಕಿದೆ. ರೂಲ್ ಇಲ್ಲ ಅಂತಲೇ ನಿಮಗೆ ಫೋನ್ ಮಾಡ್ಲಿಲ್ಲ."

ರೇಷ್ಮಾ ಕಿಟಕಿ ಕಡೆ ನೋಡುತ್ತಿದ್ದಳು. ಭಟ್ಟರು ಕೋಡುಬಳೆ ಕೆಳಗಿಟ್ಟರು. ನಾನು ದಾಳವನ್ನು ಮೇಜಿನ ಮೇಲೆ ಇಟ್ಟೆ, ಉರುಳಿಸಲಿಲ್ಲ. ಕಣ್ಣಲ್ಲಿ ನೀರು ಬಂತು ಅಂತ ಬರೆಯಲು ನನಗೆ ಸಂಕೋಚವಿಲ್ಲ. ನಾನೂರ ಹನ್ನೆರಡು ಪುಟದಲ್ಲಿ ಬೀಳುವುದಕ್ಕೆ, ಮುಳುಗುವುದಕ್ಕೆ, ಸುಡುವುದಕ್ಕೆ ಎಲ್ಲದಕ್ಕೂ ರೂಲ್ ಇದೆ. ಒಬ್ಬಳನ್ನು ಕಾದು ಕೂತು, ಬಾ ಊಟ ಮಾಡು ಅನ್ನುವುದಕ್ಕೆ ಇಲ್ಲ. ಅದಕ್ಕೇ ಅದೊಂದೇ ನನಗೆ ಗೊತ್ತಾಗದೆ ಉಳಿದಿತ್ತು.

"ಬೆಳ್ಳಿ ಏನು ಮಾಡ್ತಾಳೆ ಅಕ್ಕ?"

"ಕೈ ತೊಳ್ಕತಾಳೆ," ಅಂದೆ. "ಎಲೆ ಮುಂದೆ ಕೂರ್ತಾಳೆ."

"ಅಜ್ಜಿ ಬಿಸಿ ಅನ್ನ ಹಾಕ್ತಾರೆ. ಪಕ್ಕದಲ್ಲೇ ಕೂರ್ತಾರೆ. ನಿಮಗೆ ಒಂದು ಮಾತು ಹೇಳಬೇಕಂತೆ, ಇಷ್ಟು ವರ್ಷದಿಂದ ಕಾಯ್ತಿದ್ರಂತೆ..."

ಆಗ ನನ್ನ ಫೋನ್ ಬಡಿದುಕೊಂಡಿತು.

ಮನೆಯವರು. "ಏ, ಎಂಟು ಜನ ಬಂದು ಗೇಟಲ್ಲಿ ನಿಂತಿದಾರೆ. ನಾಳೆ ಬರಬೇಕಾದವರು, ಡೇಟ್ ತಪ್ಪಾಯ್ತಂತೆ. ಡಬಲ್ ಬೆಡ್‌ಶೀಟ್ ಎಲ್ಲಿಟ್ಟಿದೀಯ? ಗೀಸರ್ ಬೇರೆ ಆನ್ ಆಗ್ತಿಲ್ಲ. ಸ್ನ್ಯಾಕ್ಸ್ ಕೇಳ್ತಿದಾರೆ, ಎಂತ ಮಾಡ್ಲಿ?"

ಬೆಡ್‌ಶೀಟ್ ಬೀರುವಿನ ಕೆಳಗಿನ ಖಾನೆಯಲ್ಲಿ. ಗೀಸರಿಗೆ ಮೊದಲು ಹಿಂದಿನ ಸ್ವಿಚ್ಚು ಹಾಕಬೇಕು, ಆಮೇಲೆ ಮುಂದಿನದು. ಮೆಣಸಿನಕಾಯಿ ಹೆಚ್ಚಿ ಇಟ್ಟಿರಿ, ನಾನು ಬಂದು ಬಜ್ಜಿ ಕರಿಯುತ್ತೇನೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಎದ್ದೆ. ಏಳುವಾಗ ಕುರ್ಚಿ ಬಿತ್ತು. ಸುಧಾಕರ ಅದನ್ನು ಎತ್ತಿ ನಿಲ್ಲಿಸಿದ. ಮೆಟ್ಟಿಲ ಮೇಲಿನಿಂದ ಭಟ್ಟರು, "ನಿಧಾನಕ್ಕೆ ಹೋಗು ತಂಗಿ" ಅಂದರು.

ಮರುದಿನ ನಾನೇ ಗ್ರೂಪಿನಲ್ಲಿ ಮೆಸೇಜ್ ಹಾಕಿದೆ. ಹದಿನೈದು ದಿನ ಕಾಯುವುದು ಬೇಡ, ಬರುವ ಭಾನುವಾರವೇ ಸೇರೋಣ. ಆದರೆ ಆ ಭಾನುವಾರ ಸುಧಾಕರನಿಗೆ ಆಗಲಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸುತ್ತಿದ್ದರು, ಪೈಪಿನ ಜೊತೆ ಅವನೂ ಓಡಾಡಬೇಕು. ಅದರ ಮುಂದಿನ ಭಾನುವಾರ ರೇಷ್ಮಾಗೆ ಡ್ಯೂಟಿ ಬದಲಾಯಿತು. ಮೊನ್ನೆ ಭಾನುವಾರ ಮೂವರೂ ಬರುತ್ತೇವೆ ಅಂದರು. ನನಗೇ ಆಗಲಿಲ್ಲ. ನಾಲ್ಕೂ ರೂಮ್ ಫುಲ್.

ಸುಧಾಕರ ಈಗ ಫೋನ್ ಮಾಡುವುದಿಲ್ಲ. ಅವನಿಗೆ ಕೇಳಲು ಏನೂ ಇಲ್ಲವಲ್ಲ. ನಾನೇ ಒಂದು ದಿನ ತಡೆಯಲಾರದೆ ಮಾಡಿದೆ. "ಆ ಅಜ್ಜಿ ಹೇಳಬೇಕು ಅಂದ ಮಾತು ಎಂತ ಮಾರಾಯ?" ಅಂದೆ. "ನೀವು ಬಂದು ಕೂತರೆ ಹೇಳ್ತಾರೆ ಅಕ್ಕ" ಅಂದ. ಏಳು ವರ್ಷದಲ್ಲಿ ಮೊದಲ ಸಲ ಮುಂದೇನು ಅಂತ ನನಗೆ ಗೊತ್ತಿಲ್ಲ. ಅದನ್ನೇ ಆಸೆಪಟ್ಟಿದ್ದೆ. ಆಸೆಪಟ್ಟದ್ದು ಸಿಕ್ಕರೂ ಇಷ್ಟು ಸಂಕಟ ಆಗುತ್ತದೆ ಅಂತ ಗೊತ್ತಿರಲಿಲ್ಲ. ಬೇರೆಯವರ ತಟ್ಟೆಗೆ ದೋಸೆ ಹಾಕುತ್ತಿರುವಾಗ, ಸಾರಿಗೆ ಒಗ್ಗರಣೆ ಹಾಕುವಾಗ,  ಒಂದು ಕ್ಷಣ ಅಲ್ಲಿಗೇ ಹೋಗಿಬಿಡುತ್ತೇನೆ.

ಬೆಳ್ಳಿ ಅಲ್ಲೇ ಇದ್ದಾಳೆ. ಕೈ ತೊಳೆದು, ಗಾಯದ ಕಾಲು ಚಾಚಿಕೊಂಡು, ಬಡಿಸಿದ ಎಲೆಯ ಮುಂದೆ ಕೂತಿದ್ದಾಳೆ. ಪಕ್ಕದಲ್ಲಿ ಅಜ್ಜಿ. ಮೊದಲ ತುತ್ತು ಇನ್ನೂ ಬಾಯಿಗೆ ಹೋಗಿಲ್ಲ. ನಮ್ಮ ರೂಲ್‌ಬುಕ್ಕಿನಲ್ಲಿ ಹಸಿವಿಗೂ ಒಂದು ಕೋಷ್ಟಕ ಇದೆ. ಒಂದು ದಿನಕ್ಕೆ ಇಷ್ಟು ಕಳೆಯಬೇಕು, ಎರಡು ದಿನಕ್ಕೆ ಇಷ್ಟು. ಎಲೆಯ ಮುಂದೆ ಕೂತು ಮೂರು ವಾರ ಕಾದವಳಿಗೆ ಎಷ್ಟು ಅಂತ ಅದರಲ್ಲಿ ಬರೆದಿಲ್ಲ.

ನನ್ನ ವಿಷಯ ಬಿಡಿ. ನಿಮ್ಮ ಮನೆಯಲ್ಲೋ, ಆಫೀಸಿನಲ್ಲೋ, ಗೆಳೆಯರಲ್ಲೋ ಎಲ್ಲವನ್ನೂ ನಡೆಸುವ ಒಬ್ಬರು ಇದ್ದಾರಲ್ಲ, ಅವರಿಗೆ ನೀವು ಕೊನೆಯ ಸಲ ಎಲೆ ಹಾಕಿ ಕಾದದ್ದು ಯಾವಾಗ?